ಕೊಟ್ಟ ಆಸ್ತಿಯನ್ನು ಹೆತ್ತವರು ಹಿಂದೆ ಪಡೆಯಬಹುದೇ?

(ಶಾಲಾ ವಾರ್ಷಿಕೋತ್ಸವದ ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ವೇದಿಕೆಯಲ್ಲಿ ಆಸ್ತಿಪಾಸ್ತಿಯ ಮಾತೇಕೆಂದು ತಾವು ಕೇಳಬಹುದು. ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಕಾಗದಪತ್ರ ಓದಿಸಲು ಹಿರಿಯರು ಶಾಲೆಗೂ ಬರುವುದುಂಟು. ಮಕ್ಕಳಿಗೆ ಬರೆದ ದಾನಪತ್ರಗಳೂ ಅವುಗಳಲ್ಲಿ ಇರುತ್ತವೆ. ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಪ್ರತಿಫಲವಿಲ್ಲದೆ ಸ್ವಇಚ್ಛೆಯಿಂದ ಕೊಟ್ಟದ್ದನ್ನು, ಕೊಟ್ಟವರ ಜೀವಿತಕಾಲದಲ್ಲಿಯೇ ಪಡೆದವರು ಸ್ವೀಕರಿಸಿದರೆ ಅದು ದಾನ. ಹೀಗೆಂದು 1882ರ ಸ್ವತ್ತು ಹಸ್ತಾಂತರ ಕಾನೂನು ಹೇಳುತ್ತದೆ. ಸ್ಥಿರಾಸ್ತಿಯಾದರೆ ನೋಂದಣಿಯೂ ಇಬ್ಬರು ಸಾಕ್ಷಿಗಳ ರುಜುವೂ ಬೇಕು. (ಮುಸಲ್ಮಾನ ಬಾಂಧವರ ಹಿಬಾಕ್ಕೆ ಬೇರೆ ನಿಯಮಗಳಿವೆ.) ಇಷ್ಟಾದ ಮೇಲೆ, ಮನಸ್ಸು ಬದಲಾಯಿತೆಂದು ದಾನವನ್ನು ರದ್ದುಮಾಡಲು ಬಾರದು. ಮೋಸ, ಬಲಾತ್ಕಾರ, ಅನುಚಿತ ಪ್ರಭಾವಗಳಿಂದ ಪತ್ರವಾಗಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ಇಲ್ಲವೇ, ದಾನಿಯ ಇಚ್ಛೆಯನ್ನು ಅವಲಂಬಿಸದ ಗೊತ್ತಾದ ಸಂಗತಿಯೊಂದು ನಡೆದರೆ ದಾನ ರದ್ದಾಗತಕ್ಕದ್ದೆಂದು ಉಭಯರೂ ಮೊದಲೇ ಒಪ್ಪಿರಬೇಕು.

ಮುದುಕರ ಕಷ್ಟವನ್ನು ಕಂಡು ಸರಕಾರವು 2007ರಲ್ಲಿ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನನ್ನು ಮಾಡಿತು. ಅದರ 23ನೆಯ ಕಲಮು ಮುಖ್ಯವಾದುದು. ಈ ಕಾನೂನು ಜಾರಿಗೆ ಬಂದ ಮೇಲೆ, 60 ವರ್ಷ ತುಂಬಿದವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ಮೋಸದಿಂದಾದುದೆಂದು ಭಾವಿಸಿ ನ್ಯಾಯಮಂಡಳಿಯು ಅಸಿಂಧುವೆಂದು ಸಾರಬಹುದು. ಆದರೆ ಷರತ್ತಿತ್ತೆಂದು ಸುಮ್ಮನೆ ಊಹಿಸುವಂತಿಲ್ಲ, ಅದನ್ನು ತೋರಿಸಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. ಮಧ್ಯಪ್ರದೇಶದ ತಾಯಿಯೊಬ್ಬರು 2019ರಲ್ಲಿ ಮಗನಿಗೆ ಬರೆದ ದಾನವನ್ನು ಅದೇ ನ್ಯಾಯಾಲಯ 2025ರಲ್ಲಿ ರದ್ದುಪಡಿಸಿ, ಆಸ್ತಿಯನ್ನು ಅವರ ವಶಕ್ಕೆ ಮರಳಿಸಿತು. ಅಲ್ಲಿ ಮಗನು ಕೊಟ್ಟ ಮಾತು ಬರೆಹದಲ್ಲಿತ್ತು.

ಒಮ್ಮೆ ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜ ಅಡಿಕೆ ತೋಟದ ಪತ್ರವನ್ನು ತಂದಿದ್ದರು. ಮಲಯಾಳದಲ್ಲಿದ್ದ ಆ ಪತ್ರದಲ್ಲಿ ತೋಟದ ನಾಲ್ಕು ಗಡಿಗಳಿದ್ದವು, ಬಾವಿಯಿತ್ತು. ತಂದೆಯ ಊಟದ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ರುಜು ಹಾಕುವ ಮೊದಲು ಓದಿಸಿ ಕೇಳಲಿಲ್ಲವೇ ಎಂದೆವು. "ಮಗನೇ ಬರೆಸಿದ್ದಲ್ಲವೇ ಮಾಷ್ಟ್ರೇ" ಎಂದರು. ತೋಟ ಹಿಂದಿರುಗುವುದು ಕಷ್ಟವಾದರೂ ಜೀವನಾಂಶ ಕೇಳುವ ಹಕ್ಕು ಹೋಗುವುದಿಲ್ಲ, ರೆವೆನ್ಯೂ ವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು ಎಂದು ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಮಗನ ಮೇಲೆ ಅರ್ಜಿಯೇ?" ಎಂದು ಪತ್ರವನ್ನು ಮಡಚಿಕೊಂಡು ಹೋದರು.

ಆದುದರಿಂದ ರಕ್ಷಕರಲ್ಲಿ ನಮ್ಮ ಬಿನ್ನಹವಿಷ್ಟು. ತಿಳಿಯದ ಭಾಷೆಯ ಪತ್ರಕ್ಕೆ, ಕನ್ನಡದಲ್ಲಿ ಅರ್ಥ ಹೇಳಿಸಿ ಕೇಳುವ ಮೊದಲು ರುಜು ಹಾಕಬೇಡಿರಿ. ಊಟ, ವಸತಿ, ಔಷಧಗಳ ಷರತ್ತನ್ನು ಸ್ಪಷ್ಟವಾಗಿ ಬರೆಸಿರಿ. ಬದುಕಿರುವವರೆಗೆ ಅನುಭವದ ಹಕ್ಕನ್ನು ತಮ್ಮಲ್ಲಿಯೇ ಉಳಿಸಿಕೊಂಡೂ ದಾನ ಮಾಡಬಹುದು. ಅಂಥ ದಾನ ಊರ್ಜಿತವೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮರಣಶಾಸನವನ್ನಾದರೆ ಜೀವಂತವಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ಷರತ್ತು ಬರೆಸುವುದು ಮಕ್ಕಳ ಮೇಲಣ ಅಪನಂಬಿಕೆಯಲ್ಲ. ಒಳ್ಳೆಯ ಮಗನಿಗೆ ಅದರಿಂದ ಭಾರವೇನೂ ಇಲ್ಲ.

ವಿದ್ಯಾರ್ಥಿಗಳೇ, ಕಾನೂನು ಅನ್ನವನ್ನು ಕೊಡಿಸೀತು, ಬಡಿಸುವ ಕೈಯ ಪ್ರೀತಿಯನ್ನು ಕೊಡಿಸಲಾರದು. ನಿಮ್ಮ ಮನೆಯ ಅಜ್ಜ ಅಜ್ಜಿಯರಿಗೆ ಬಂದ ಕಾಗದವನ್ನು ಓದಿ ಹೇಳುವ ಕೆಲಸವನ್ನು ಇಂದಿನಿಂದಲೇ ನೀವು ವಹಿಸಿಕೊಳ್ಳಿರಿ. ನೀವು ಕಲಿತ ವಿದ್ಯೆಗೆ ಇದಕ್ಕಿಂತ ಹತ್ತಿರದ ಉಪಯೋಗ ಬೇರೆ ಇಲ್ಲ.