ನೋವಿನ ಗುಳಿಗೆ ಮತ್ತು ಶುಶ್ರೂಷೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಬಂದ ನಮ್ಮಂಥವರು ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ತಾಯಿಯಲ್ಲ, ಅಕ್ಕತಂಗಿಯರಲ್ಲ, ಖೋಲಿಯ ಜೊತೆಗಾರರೇ. ಆದಕಾರಣ ಆಸ್ಪತ್ರೆಯಲ್ಲಿ ಶುಶ್ರೂಷೆಯ ಕೆಲಸ ಮಾಡುವ ನಾವು ನೋವಿನ ಗುಳಿಗೆಯ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಈ ಕೆಲಸ ಕಲಿಯುವ ಮುನ್ನ ನಾವು ನಾಲ್ವರು ಒಂದೇ ಖೋಲಿಯಲ್ಲಿದ್ದೆವು. ಒಬ್ಬಾತ ಗೋದಾಮಿನಲ್ಲಿ ಮೂಟೆ ಹೊರುವವನು. ಸೊಂಟನೋವೆಂದು ಅಂಗಡಿಯ ಗುಳಿಗೆಯನ್ನು ದಿನಕ್ಕೆ ಮೂರು ಸಲದಂತೆ ಮೂರು ವಾರ ನುಂಗಿದ. ತಂದುಕೊಟ್ಟವರು ನಾವೇ. ಮಲ ಡಾಂಬರಿನಂತೆ ಕಪ್ಪಾಗಿದೆ ಎಂದು ಆತ ಹೇಳಿದಾಗ, ಮೆಸ್ಸಿನ ಊಟದ ದೋಷವೆಂದು ನಕ್ಕುಬಿಟ್ಟೆವು. ಮರುದಿನ ಆತ ಮೆಟ್ಟಿಲ ಮೇಲೆ ಕುಸಿದ. ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರುತ್ತಿತ್ತು. ವೈದ್ಯರು ರಕ್ತ ಕೊಟ್ಟು ಉಳಿಸಿದರು.

ಸೊಂಟದ ನೋವು ಕಳೆಯುವ ಗುಳಿಗೆ ಹೊಟ್ಟೆಯನ್ನು ಕೆಡಿಸುವುದೇಕೆ? ಮೈಗೆ ಪೆಟ್ಟು ಬಿದ್ದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯ ಹುಟ್ಟುತ್ತದೆ. ಕೆಂಪು, ಬಿಸಿ, ಬಾವು, ನೋವು ಎಂಬ ಉರಿಯೂತದ ಲಕ್ಷಣಗಳಲ್ಲಿ ಅದರ ಪಾಲು ದೊಡ್ಡದು. ಆದರೆ ಅದೇ ಜಾತಿಯ ದ್ರವ್ಯ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುತ್ತದೆ. ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕಾಪಾಡುತ್ತದೆ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಮೊದಲಾದವು ಈ ದ್ರವ್ಯದ ತಯಾರಿಕೆಯನ್ನೇ ತಡೆಯುತ್ತವೆ. ಇದನ್ನು 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾನ್ ವೇನ್. 1982ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು. ಗುಳಿಗೆಗೆ ಸೊಂಟ ಯಾವುದು, ಹೊಟ್ಟೆ ಯಾವುದು ಎಂಬ ಭೇದ ತಿಳಿಯದು. ಉಂಡು ನುಂಗಿದರೆ ಹೊಟ್ಟೆಯ ತಳಮಳ ಕಡಿಮೆಯಾದೀತು. ಆದರೆ ಅದು ರಕ್ತಕ್ಕೆ ಸೇರಿ ಕೆಲಸ ಮಾಡುವುದರಿಂದ ಊಟವೊಂದರಿಂದಲೇ ಹುಣ್ಣು ತಪ್ಪದು.

ಆದ್ದರಿಂದ ಕೊಡುವ ಮುನ್ನ ಕೇಳಿರಿ. ಹಿಂದೆ ಹೊಟ್ಟೆಹುಣ್ಣು ಆಗಿತ್ತೆ? ಮೂತ್ರಪಿಂಡ, ಹೃದಯ, ರಕ್ತದೊತ್ತಡದ ತೊಂದರೆಯುಂಟೆ? ದಮ್ಮಿನ ರೋಗವಿದೆಯೆ? ರಕ್ತ ಹೆಪ್ಪುಗಟ್ಟದಂತೆ ಔಷಧಿ ನಡೆಯುತ್ತಿದೆಯೆ? ಹೆಂಗಸಾದರೆ, ಗರ್ಭಿಣಿಯೆ? ಒಂದಕ್ಕೆ ಹೌದೆಂದರೂ ವೈದ್ಯರನ್ನು ಕೇಳದೆ ಕೊಡಬಾರದು. ಮೇಲಿನ ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಜಾತಿಯದಿರಬಹುದು. ಪೊಟ್ಟಣದ ಬರಹ ಓದಿರಿ, ಎರಡನ್ನು ಕೂಡಿಸಿ ಕೊಡಬೇಡಿರಿ. ಡೆಂಗ್ಯೂ ಶಂಕೆಯ ಜ್ವರಕ್ಕೆ ಇವು ಸಲ್ಲವು, ರಕ್ತಸ್ರಾವಕ್ಕೆ ದಾರಿಯಾದೀತು. ಅಲ್ಲಿ ಪ್ಯಾರಾಸಿಟಮಾಲ್ ಸರಿ, ಅದೂ ಹೇಳಿದ ಅಳತೆಯಲ್ಲಿ. ಜ್ವರ ಬಂದ ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೂಡದು. ವಾಂತಿಭೇದಿಯಿಂದ ಮೈಯ ನೀರು ಬತ್ತಿದವನಿಗೂ ಈ ಗುಳಿಗೆ ಬೇಡ, ಮೂತ್ರಪಿಂಡ ಸೋತೀತು. ಎರಡು ಮೂರು ದಿನಗಳಲ್ಲಿ ನೋವು ಇಳಿಯದಿದ್ದರೆ ಇನ್ನೊಂದು ಗುಳಿಗೆಯಲ್ಲ, ವೈದ್ಯರೇ ಬೇಕು.

ಕೊಟ್ಟ ಮೇಲೆ ನೋಡುತ್ತಿರಿ. ಕಪ್ಪು ಮಲ, ರಕ್ತದ ಇಲ್ಲವೆ ಕಾಫಿಪುಡಿಯಂಥ ವಾಂತಿ, ಮೂತ್ರ ಕಡಿಮೆಯಾಗುವುದು, ಕಾಲು ಬಾಯುವುದು, ಮುಖ ಊದುವುದು, ಉಸಿರು ಕಟ್ಟುವುದು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಗುಳಿಗೆ ಕೊಡದೆ ಆ ಹೊತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಟ್ಟೆ ನೋಯದೆಯೂ ರಕ್ತ ಸೋರಬಹುದೆಂಬುದನ್ನು ಮರೆಯಬೇಡಿರಿ.

ಆ ಗೆಳೆಯ ಗುಣವಾಗಿ, ಮೂಟೆ ಬಿಟ್ಟು ಕಾವಲಿನ ಕೆಲಸ ಹಿಡಿದ. ನಮ್ಮನ್ನು ಒಮ್ಮೆಯೂ ದೂರಲಿಲ್ಲ. ಆದರೆ ಆತ ಹೇಳಿದ್ದನ್ನು ನಾವು ನಗದೆ ಕೇಳಿದ್ದರೆ ಒಂದು ದಿನ ಮೊದಲೇ ಆಸ್ಪತ್ರೆ ಸೇರುತ್ತಿದ್ದ. ಗುಳಿಗೆ ಕೊಡುವ ಕೈಗೆ ಕೇಳುವ ಕಿವಿಯೂ ಇರಲಿ ಎಂದಿಷ್ಟೇ ನಮ್ಮ ಬಿನ್ನಹ.