ಹೆದ್ದಾರಿಯ ಒಡೆಯರು ಯಾರು?

(ಹುಬ್ಬಳ್ಳಿಯಲ್ಲಿ ಗಿರಣಿ ಕಾಮಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ, ಅಂಗಡಿ ಮುಚ್ಚಿ ಇಲ್ಲಿಗೆ ಬಂದಿದ್ದೀರಿ. ನಿಮ್ಮ ಹೊತ್ತನ್ನು ಹಾಳು ಮಾಡುವ ಮಾತು ನಮಗೆ ಬೇಡ. ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ನಮ್ಮ ಎರಡೂ ಊರುಗಳ ಪಕ್ಕದಲ್ಲಿ ಹಾಯ್ದು ಹೋಗುವ ಬೈಪಾಸ್ ಯಾರದು? ಅಲ್ಲಿ ಸತ್ತವರಿಗೆ ಜವಾಬು ಕೊಡಬೇಕಾದವರು ಯಾರು?

ಕಾಯದೆಯ ಮಾತನ್ನು ಮೊದಲು ಮುಗಿಸಿಬಿಡೋಣ. 1956ರ ಕಾಯದೆಯ ಪ್ರಕಾರ ರಾಷ್ಟ್ರೀಯ ಹೆದ್ದಾರಿಗಳೆಲ್ಲ ಕೇಂದ್ರ ಸರಕಾರದ ಸೊತ್ತು. ಅವನ್ನು ಕಟ್ಟಿಸಿ, ಕಾದು, ನಡೆಸಲೆಂದು 1988ರಲ್ಲಿ ಪಾರ್ಲಿಮೆಂಟು ಇನ್ನೊಂದು ಕಾಯದೆ ಮಾಡಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವನ್ನು ಹುಟ್ಟಿಸಿತು. ಅದು ಕೆಲಸಕ್ಕೆ ತೊಡಗಿದ್ದು 1995ರಲ್ಲಿ. ದಿಲ್ಲಿಯಲ್ಲಿ ಅದರ ದೊಡ್ಡ ಕಚೇರಿ ಇದೆ, ನಮ್ಮ ಧಾರವಾಡದಲ್ಲೂ ಒಂದು ಕಚೇರಿ ಇದೆ. ಆದರೆ ಪ್ರಾಧಿಕಾರ ತಾನೇ ಗುದ್ದಲಿ ಹಿಡಿಯುವುದಿಲ್ಲ. ಗುತ್ತಿಗೆ ಕೊಡುತ್ತದೆ. ಹಣ ಹಾಕಿ ರಸ್ತೆ ಕಟ್ಟಿದವನು ಇಷ್ಟು ವರ್ಷ ಟೋಲ್ ಎತ್ತಿ, ಆಮೇಲೆ ಸರಕಾರಕ್ಕೆ ಒಪ್ಪಿಸಬೇಕು ಎಂಬ ಕರಾರೂ ಅದರ ಒಂದು ಬಗೆ.

ನಮ್ಮ ಬೈಪಾಸ್ ಇಂಥ ಕರಾರಿನ ಕೂಸು. ಹುಬ್ಬಳ್ಳಿ ಬದಿಯ ಗಬ್ಬೂರಿನಿಂದ ಧಾರವಾಡದ ಆಚೆ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರು. ಅದು ಬರುವ ಮುಂಚೆ ಪುಣೆಯಿಂದ ಬೆಂಗಳೂರಿಗೆ ಹೋಗುವ ಲಾರಿಗಳೆಲ್ಲ ಊರ ನಡುವಿನ ಪಿ.ಬಿ. ರೋಡಿನಲ್ಲೇ ಗುಡುಗುಡು ಎನ್ನುತ್ತ ಹಾಯಬೇಕಿತ್ತು. ಬೈಪಾಸ್ ಆದದ್ದು ಒಳ್ಳೆಯದೇ ಆಯಿತು, ಅದನ್ನು ನಾವು ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಕಟ್ಟಿದ್ದು ಎರಡೇ ಪಥದ ರಸ್ತೆಯಾಗಿ. ನಡುವೆ ವಿಭಜಕವಿರಲಿಲ್ಲ.

1998ರಲ್ಲಿ ವಾಜಪೇಯಿ ಸರಕಾರ ಸುವರ್ಣ ಚತುಷ್ಪಥ ಯೋಜನೆಯನ್ನು ಸಾರಿತು. ದಿಲ್ಲಿ, ಮುಂಬಯಿ, ಚೆನ್ನೈ, ಕೋಲಕತ್ತೆಗಳನ್ನು ಕೂಡಿಸುವ ಆ ಹೆದ್ದಾರಿಯ ಮುಂಬಯಿ-ಚೆನ್ನೈ ತೋಳು ನಮ್ಮ ಊರನ್ನೇ ಮುಟ್ಟಿ ಹೋಗುತ್ತದೆ. ಬೆಳಗಾವಿಯ ಕಡೆಯಿಂದ ರಸ್ತೆ ನಾಲ್ಕು ಪಥವಾಯಿತು, ಹಾವೇರಿಯ ಕಡೆಗೂ ಆಯಿತು. ನಡುವೆ ನಮ್ಮ 30 ಕಿಲೋಮೀಟರು ಮಾತ್ರ ಹಾಗೇ ಉಳಿಯಿತು. ಯಾಕೆಂದರೆ ಕರಾರಿನ ಅವಧಿ ಮುಗಿದಿರಲಿಲ್ಲ! ಬಾಟಲಿಯ ಕುತ್ತಿಗೆಯನ್ನು ನೋಡಿದ್ದೀರಿ. ರಾತ್ರಿಯೆಲ್ಲ ಅಗಲ ರಸ್ತೆಯಲ್ಲಿ ಬಂದ ಚಾಲಕ, ಬೆಳಗಿನ ಜಾವದಲ್ಲಿ, ಕಣ್ಣು ಎಳೆಯುವ ಹೊತ್ತಿಗೆ, ಇಂಥ ಕುತ್ತಿಗೆಯೊಳಗೆ ಬೀಳುತ್ತಾನೆ. ಎದುರಿನ ದೀಪ ಅವನ ಮುಖಕ್ಕೇ ಹೊಡೆಯುತ್ತದೆ.

2021ರ ಜನವರಿ 15, ಸಂಕ್ರಾಂತಿಯ ಮರುದಿನ. ದಾವಣಗೆರೆಯ ಹೆಣ್ಣುಮಕ್ಕಳು, ಒಂದೇ ಶಾಲೆಯಲ್ಲಿ ಕಲಿತ ಗೆಳತಿಯರು, ಗೋವೆಗೆ ಹೊರಟಿದ್ದರು. ಇಟಿಗಟ್ಟಿಯ ಬಳಿ ಅವರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಆ ದಿನವೇ 11 ಜೀವ ಹೋದವು. ಮರುವರ್ಷ, 2022ರ ಮೇ ತಿಂಗಳಲ್ಲಿ, ತಾರಿಹಾಳದ ಹತ್ತಿರ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ ಮತ್ತೆ ಏಳಕ್ಕೆ ಕಡಿಮೆಯಿಲ್ಲದ ಸಾವು. ಇವು ದೇಶವೆಲ್ಲ ಓದಿದ ಸುದ್ದಿ. ತಾರಿಹಾಳದ ಕಾರಖಾನೆಗೆ ಸೈಕಲ್ ಮೋಟಾರಿನಲ್ಲಿ ಪಾಳಿಗೆ ಹೋಗುವವನು ಬಿದ್ದರೆ ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಹೆಚ್ಚು. 2022ರಲ್ಲಿ ಆರು ಪಥದ ಅಗಲೀಕರಣಕ್ಕೆ ಅಡಿಗಲ್ಲು ಬಿತ್ತು. ಜನ ಸತ್ತು, ಸತ್ತವರ ಮನೆಯವರು ಬೀದಿಗೆ ಇಳಿದ ಮೇಲೆ!

ಪ್ರತಿ ಅಪಘಾತದಲ್ಲೂ ಪೊಲೀಸರು ಬರೆದುಕೊಳ್ಳುವ ಹೆಸರು ಯಾರದು? ಚಾಲಕನದು. ಅತಿವೇಗ, ಅಜಾಗರೂಕತೆ, ಇವೆರಡು ಶಬ್ದ ಬರೆದರೆ ಕಾಗದ ಮುಗಿಯಿತು. ಚಾಲಕರು ತಪ್ಪು ಮಾಡುವುದೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಒಬ್ಬ ಚಾಲಕ ತಪ್ಪಿದರೆ ಅದು ಅವನ ತಪ್ಪು. ಅದೇ ಜಾಗದಲ್ಲಿ, ಅದೇ ರೀತಿ, ವರ್ಷ ವರ್ಷ ಚಾಲಕರು ತಪ್ಪುತ್ತಿದ್ದರೆ ರಸ್ತೆಯ ತಪ್ಪು ಏನೆಂದು ಕೇಳುವುದು ಬೇಡವೇ?

ಕೇಳಲು ಕಾಯದೆ ಇದೆ. 2019ರಲ್ಲಿ ಮೋಟಾರು ವಾಹನ ಕಾಯದೆಗೆ 198ಎ ಎಂಬ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ದುರಸ್ತಿಯಲ್ಲಿ ಗೊತ್ತುಮಾಡಿದ ಮಟ್ಟವನ್ನು ಪಾಲಿಸದೆ ಸಾವೋ ಅಂಗವಿಕಲತೆಯೋ ಆದರೆ, ಹೊಣೆಗಾರ ಅಧಿಕಾರ, ಗುತ್ತಿಗೆದಾರ, ಸಲಹೆಗಾರ, ಟೋಲ್ ಹಕ್ಕು ಪಡೆದವನು, ಇವರಿಗೆ ದಂಡ. ಎಷ್ಟು ದಂಡ? ಹೆಚ್ಚೆಂದರೆ 1 ಲಕ್ಷ ರೂಪಾಯಿ. ಗುದ್ದಿ ಓಡಿಹೋದ ವಾಹನದಿಂದ ಸತ್ತವನ ಮನೆಗೆ ಸರಕಾರ ಕೊಡುವ ಪರಿಹಾರವೇ 2022ರಿಂದ 2 ಲಕ್ಷ. ಕೋಟಿಗಟ್ಟಲೆ ವ್ಯವಹಾರದವನಿಗೆ 1 ಲಕ್ಷ ಯಾವ ಲೆಕ್ಕ? ಆದರೂ ಆ ಕಲಮು ಹಾಕಿದರೆ ರಸ್ತೆಯ ಕಡತ ಕೋರ್ಟಿಗೆ ಬರಲೇಬೇಕು. ಅದಕ್ಕೇ ಅದು ಬೇಕು.

ವ್ಯಾಪಾರಸ್ಥ ಮಿತ್ರರಿಗೆ ಒಂದು ಮಾತು. ನಿಮ್ಮಲ್ಲಿ ಹಿರಿಯರಿಗೆ ಜಕಾತಿ ನಾಕೆ ನೆನಪಿರಬೇಕು. 1979ರಲ್ಲಿ ಅದು ಹೋಯಿತು. ಜಕಾತಿಯನ್ನು ಎಷ್ಟೇ ಬೈದರೂ ಆ ದುಡ್ಡು ನಮ್ಮ ಊರ ಪಾಲಿಕೆಗೆ ಬರುತ್ತಿತ್ತು, ಲೆಕ್ಕ ಕೇಳಲು ನಮ್ಮ ವಾರ್ಡಿನ ಸದಸ್ಯನಿದ್ದ. ಟೋಲನ್ನೂ ಲಾರಿಯವನು ತನ್ನ ಮನೆಯಿಂದ ಕೊಡುವುದಿಲ್ಲ. ಅಮರಗೋಳದ ಮಾರುಕಟ್ಟೆಗೆ ಬರುವ ಉಳ್ಳಾಗಡ್ಡಿಯ ಚೀಲದ ಮೇಲೆ, ಬ್ಯಾಡಗಿಯಿಂದ ಹೋಗುವ ಮೆಣಸಿನಕಾಯಿಯ ಮೇಲೆ ಅದು ಕೂಡುತ್ತದೆ. ಕೊನೆಗೆ ಕೊಡುವವರು ಕೊಳ್ಳುವವರು, ಅಂದರೆ ನೀವು, ನಾವು. ದುಡ್ಡು ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಆದ್ದರಿಂದ ಈ ಸಭೆಯ ಮುಂದೆ ನಾವು ಇಡುವ ಠರಾವು ಇದು. ಬೈಪಾಸಿನ ಸುರಕ್ಷತಾ ತಪಾಸಣೆಯ ವರದಿಗಳನ್ನು ಪ್ರಾಧಿಕಾರವು ಕನ್ನಡದಲ್ಲಿ ಪಾಲಿಕೆಯ ಮುಂದೆಯೂ, ದಾರಿಯ ಪ್ರತಿ ಗ್ರಾಮ ಪಂಚಾಯತಿಯ ಮುಂದೆಯೂ ಇಡಬೇಕು. ಸಾವು ಸಂಭವಿಸಿದಾಗ ಚಾಲಕನ ತಪ್ಪಿನ ಜೊತೆಗೆ ರಸ್ತೆಯ ತಪ್ಪನ್ನೂ ಪೊಲೀಸರು ತನಿಖೆ ಮಾಡಬೇಕು. ಕೆಲಸ ನಡೆಯುವ ಕಡೆಗಳಲ್ಲಿ ರಾತ್ರಿ ದೀಪ, ಸೂಚನಾಫಲಕ, ಕಾಲುದಾರಿ ಇರಲೇಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ, ಅದಕ್ಕೆ ಹತ್ತು ರೂಪಾಯಿ ಸಾಕು. ರಸ್ತೆಯಲ್ಲಿ ಏನೇ ಕೆಟ್ಟದ್ದು ಕಂಡರೂ 1033ಕ್ಕೆ ಫೋನು ಮಾಡಿ, ಮಾಡಿದ ದಿನ, ವೇಳೆ, ಜಾಗವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆ ಚೀಟಿಗಳನ್ನು ನಮ್ಮ ಕಚೇರಿಗೆ ತಂದುಕೊಡಿ. ಅವನ್ನೆಲ್ಲ ಒಟ್ಟುಮಾಡಿಕೊಂಡು ಧಾರವಾಡದ ಕಚೇರಿಗೆ ನಾವು ನೀವು ಕೂಡಿಯೇ ಹೋಗೋಣ.