ಎದೆಯುರಿಯೂ ರಕ್ತದ ಸಾಕ್ಷಿಯೂ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಲ್ಯಾಬೋರೇಟರಿಯೊಂದರ ಏಜಂಟರು ನಮ್ಮ ಕಚೇರಿಗೆ ಬಂದಿದ್ದರು. ಸದಸ್ಯರೆಲ್ಲರ ರಕ್ತ ತೆಗೆದು ಹೃದಯದ ಗುಪ್ತ ಹಾನಿಯನ್ನು ಕಂಡುಹಿಡಿದು ಕೊಡುವುದಾಗಿಯೂ, ತಲೆಗಿಷ್ಟರಂತೆ ಸಂಘದ ನಿಧಿಯಿಂದ ಕೊಟ್ಟರೆ ಸಾಕೆಂದೂ ಹೇಳಿದರು. ಸಮಿತಿಯಲ್ಲಿ ಕೆಲವರು ಒಪ್ಪಿದರು, ನಾನು ಒಪ್ಪಲಿಲ್ಲ. ಕಾರ್ಮಿಕರ ಆರೋಗ್ಯಕ್ಕೆ ಹಣ ಬಿಚ್ಚಲು ಇವನಿಗೆ ಕೈ ಬಾರದು ಎಂಬ ಮಾತು ಬೆನ್ನ ಹಿಂದೆ ಬಂತು. ಆದುದರಿಂದ ಇಂದು ನಿಮ್ಮೆಲ್ಲರ ಮುಂದೆಯೇ ಹೇಳುತ್ತೇನೆ. ನಾನು ಏಳನೆಯ ಇಯತ್ತೆಯವರೆಗೆ ಓದಿದವನು, ಡಾಕ್ಟರನಲ್ಲ. ಆದರೂ ಈ ವಿಷಯವನ್ನು ಕೇಳಿ ತಿಳಿದುಕೊಳ್ಳಲು ನನಗೊಂದು ಕಾರಣವಿತ್ತು.

ನಾನು ಸಪ್ಲಯರನಾಗಿದ್ದ ಹೋಟೆಲಿನಲ್ಲಿ ದೋಸೆ ಕಾವಲಿಗೆ ನಿಲ್ಲುತ್ತಿದ್ದ ಅಣ್ಣ ಒಬ್ಬರಿದ್ದರು. ನಮ್ಮ ಊರ ಕಡೆಯವರೇ. ವಯಸ್ಸು ನಲವತ್ತೈದರ ಒಳಗೆ, ಸಕ್ಕರೆ ಕಾಯಿಲೆ ಇತ್ತು. ಒಂದು ಶನಿವಾರ ರಾತ್ರಿ, ಗಿರಾಕಿಗಳ ಗದ್ದಲದ ಹೊತ್ತಿನಲ್ಲಿ, ಎದೆಯ ನಡುವೆ ಏನೋ ಉರಿ, ದವಡೆ ಹಿಡಿದ ಹಾಗೆ ಆಗುತ್ತದೆ ಎಂದರು. ಬೆವರು ಸುರಿಯುತ್ತಿತ್ತು. ಕಾವಲಿಯ ಮುಂದೆ ನಿಂತವನಿಗೆ ಬೆವರೇನು ಹೊಸತೇ? ‘ಗ್ಯಾಸ್ ಅಣ್ಣಾ, ಮಧ್ಯಾಹ್ನ ನೀವು ಉಂಡಿಲ್ಲ’ ಎಂದು ನಾನೇ ಸೋಡಾಕ್ಕೆ ಲಿಂಬೆ ಹಿಂಡಿ ಕೊಟ್ಟೆ. ಅರ್ಧ ಗಂಟೆ ಅಕ್ಕಿ ಮೂಟೆಗೆ ಒರಗಿ ಕುಳಿತರು. ಆಮೇಲೆ ಎದ್ದು, ಬಾಗಿಲು ಹಾಕುವವರೆಗೂ ದೋಸೆ ಹೊಯ್ದರು. ಸೋಡಾ ಕೆಲಸ ಮಾಡಿತೆಂದು ನಾನು ಹೆಮ್ಮೆಪಟ್ಟೆ.

ಮೂರು ತಿಂಗಳ ಮೇಲೆ ಹಿಟ್ಟಿನ ಬಕೆಟು ಹಿಡಿದು ಮೆಟ್ಟಿಲು ಹತ್ತಲಾರದೆ ನಡುವೆಯೇ ಕುಳಿತುಬಿಟ್ಟರು. ಉಸಿರು ಸಿಕ್ಕುತ್ತಿರಲಿಲ್ಲ, ಪಾದ ಬಾತಿತ್ತು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ಎಕೋ ನೋಡಿದರು. ಹೃದಯದ ಸ್ನಾಯುವಿನ ಒಂದು ಭಾಗ ಸತ್ತು ಕಲೆ ಕಟ್ಟಿದೆ, ಇದು ಇಂದಿನದಲ್ಲ ಎಂದರು. ‘ಅಟ್ಯಾಕ್ ಆದದ್ದು ಯಾವಾಗ?’ ಎಂದು ಡಾಕ್ಟರು ನನ್ನನ್ನು ಕೇಳಿದಾಗ ಆ ಸೋಡಾ ಗ್ಲಾಸು ನನ್ನ ಕಣ್ಣ ಮುಂದೆ ಬಂತು. ‘ಆ ರಾತ್ರಿ ಕರೆತಂದಿದ್ದರೆ ರಕ್ತವೇ ಸಾಕ್ಷಿ ಹೇಳುತ್ತಿತ್ತು. ಈಗ ಆ ಸಾಕ್ಷಿ ಅಳಿಸಿಹೋಗಿದೆ’ ಎಂದರು.

ಆ ಸಾಕ್ಷಿಯ ಹೆಸರು ಟ್ರೊಪೋನಿನ್. ಸ್ನಾಯು ಕುಗ್ಗಿ ಹಿಗ್ಗುವುದಕ್ಕೆ ಬೇಕಾದ ಒಂದು ಪ್ರೋಟೀನು ಇದು. ಟೋಕಿಯೋದ ಸೆಟ್ಸುರೋ ಎಬಾಶಿ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ 1965ರಲ್ಲಿ ಪತ್ತೆಯಾಯಿತು. ಹೃದಯದ ಸ್ನಾಯುವಿನಲ್ಲಿರುವ ಬಗೆ ಮೈಯ ಬೇರೆ ಸ್ನಾಯುಗಳದಕ್ಕಿಂತ ಸ್ವಲ್ಪ ಬೇರೆ. ಅದನ್ನು ರಕ್ತದಲ್ಲಿ ಗುರುತಿಸುವ ಪರೀಕ್ಷೆಗಳು 1980ರ ದಶಕದ ಕೊನೆಗೆ ಬಂದವು. ಅದಕ್ಕೆ ಮುಂಚೆ, 1954ರಿಂದ, ಡಾಕ್ಟರರು ಎಸ್.ಜಿ.ಓ.ಟಿ. ಎಂಬ ಇನ್ನೊಂದು ವಸ್ತುವನ್ನು ನೋಡುತ್ತಿದ್ದರು. ಆದರೆ ಅದು ಲಿವರ್ ಕೆಟ್ಟರೂ ಏರುತ್ತದೆ.

ಸಾಂಬಾರಿನ ದೊಡ್ಡ ಪಾತ್ರೆಯ ತಳಕ್ಕೆ ಕೂದಲೆಳೆಯಷ್ಟು ಬಿರುಕು ಬಿದ್ದರೆ ಮೇಲಿಂದ ಇಣುಕಿದವನಿಗೆ ತಿಳಿಯುವುದಿಲ್ಲ. ಕೆಳಗೆ ಒದ್ದೆ ಕಂಡಾಗ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ಹಾಗೆಯೇ ರಕ್ತ ಸಿಗದೆ ಹೃದಯದ ಸ್ನಾಯು ಸಾಯತೊಡಗಿದಾಗ ಟ್ರೊಪೋನಿನ್ ರಕ್ತಕ್ಕೆ ಸೋರುತ್ತದೆ. ಆದರೆ ನೋವು ಬಂದ ಗಳಿಗೆಯಲ್ಲೇ ಅಲ್ಲ. ಸಾಮಾನ್ಯ ಪರೀಕ್ಷೆಗೆ ಅದು ಕಾಣಬೇಕಾದರೆ 3-4 ಗಂಟೆ ಬೇಕಾಗುವುದುಂಟು; ಈಗಿನ ಸೂಕ್ಷ್ಮ ಪರೀಕ್ಷೆಗಳು ಇನ್ನೂ ಬೇಗ ಹಿಡಿಯುತ್ತವೆ. ಆಮೇಲೆ ಒಂದೆರಡು ವಾರಗಳೊಳಗೆ ಇಳಿದುಹೋಗುತ್ತದೆ. ಮೊದಲ ಇ.ಸಿ.ಜಿ.ಯಲ್ಲೇ ದೊಡ್ಡ ಅಟ್ಯಾಕ್ ಕಂಡರೆ ಡಾಕ್ಟರರು ರಕ್ತದ ವರದಿಗೆ ಕಾಯುವುದಿಲ್ಲ, ಕೂಡಲೇ ಚಿಕಿತ್ಸೆಗೆ ತೊಡಗುತ್ತಾರೆ. ಇ.ಸಿ.ಜಿ. ಸರಿಯಾಗಿ ಕಂಡರೆ ಮಾತ್ರ ಮನೆಗೆ ಓಡಬೇಡಿ. ರಕ್ತ ನೋಡಬೇಕು, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ನೋಡಬೇಕು. ಎರಡು ವರದಿಗಳ ನಡುವೆ ಏರಿತೋ ಇಲ್ಲವೋ ಎಂಬುದರಲ್ಲೇ ಗುಟ್ಟಿದೆ.

ನಮ್ಮ ಅಣ್ಣನದು ಅಪರೂಪದ ಕಥೆಯಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಜನರ ಹೃದಯವನ್ನು ವರ್ಷಾನುವರ್ಷ ಪರೀಕ್ಷಿಸುತ್ತ ಬಂದಿದ್ದಾರೆ. 1984ರಲ್ಲಿ ಅಲ್ಲಿಂದ ಬಂದ ವರದಿಯಂತೆ, ನಾಲ್ಕು ಹೃದಯಾಘಾತಗಳಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಆದದ್ದೇ ಗೊತ್ತಿರಲಿಲ್ಲ, ಮುಂದಿನ ಇ.ಸಿ.ಜಿ.ಯಲ್ಲಿ ಕಲೆ ಕಂಡ ಮೇಲೆಯೇ ತಿಳಿದದ್ದು. ಸಕ್ಕರೆ ಕಾಯಿಲೆಯವರಿಗೆ ನೋವು ಸರಿಯಾಗಿ ತಿಳಿಯದೇ ಹೋಗುವುದೂ ಉಂಟು.

ಇನ್ನೊಂದು ವಸ್ತುವಿದೆ, ಬಿ.ಎನ್.ಪಿ. ಜಪಾನಿನವರು 1988ರಲ್ಲಿ ಇದನ್ನು ಹಂದಿಯ ಮಿದುಳಿನಲ್ಲಿ ಕಂಡದ್ದರಿಂದ ಹೆಸರಿನಲ್ಲಿ ಮಿದುಳು ಸೇರಿಕೊಂಡಿತು. ಹೆಚ್ಚಾಗಿ ತಯಾರಾಗುವುದು ಹೃದಯದಲ್ಲಿಯೇ. ಹೃದಯದ ಗೋಡೆ ಭಾರಕ್ಕೆ ಹಿಗ್ಗಿದಾಗ ಇದು ಹೆಚ್ಚುತ್ತದೆ. ದಿನವಿಡೀ ನಿಂತು ದುಡಿಯುವ ನಮಗೆ ಸಂಜೆ ಕಾಲು ಬಾಯುವುದು ಸಾಮಾನ್ಯ. ಜೊತೆಗೆ ಉಸಿರೂ ಕಟ್ಟುತ್ತಿದ್ದರೆ, ಅದು ಹೃದಯದಿಂದಲೋ ಬೇರೆ ಕಾರಣದಿಂದಲೋ ಎಂದು ಬೇರ್ಪಡಿಸಲು ಈ ಪರೀಕ್ಷೆ ಡಾಕ್ಟರರಿಗೆ ನೆರವಾಗುತ್ತದೆ.

ಹಾಗಾದರೆ ಏಜಂಟರ ಪ್ಯಾಕೇಜನ್ನು ಏಕೆ ಬೇಡವೆಂದೆ? ಆ ಅಣ್ಣ ಮೂರು ತಿಂಗಳ ಮೇಲೆ ಇಂಥ ಶಿಬಿರಕ್ಕೆ ಬಂದಿದ್ದರೆ ಟ್ರೊಪೋನಿನ್ ವರದಿ ಸರಿಯಿದೆ ಎಂದೇ ಬಂದರೂ ಬರಬಹುದಾಗಿತ್ತು. ಅಂಥ ಕಾಗದ ಕಿಸೆಯಲ್ಲಿದ್ದವನು ನಾಳೆ ಎದೆ ಹಿಂಡಿದರೆ ಏನು ಮಾಡುತ್ತಾನೆ? ‘ನನ್ನ ಹೃದಯ ಪಾಸಾಗಿದೆ ಮಾರಾಯ’ ಎಂದು ಸೋಡಾ ಕುಡಿಯುತ್ತಾನೆ. ಇನ್ನು ವರದಿ ಏರಿದ್ದರೆ, ಮೂತ್ರಪಿಂಡದ ರೋಗದಲ್ಲಿಯೂ ಏರಬಹುದು, ಹತ್ತಾರು ಮೈಲು ಓಡಿದವನಿಗೂ ಏರಬಹುದು. ನೋವಿಲ್ಲದವರಲ್ಲಿ ಸಣ್ಣ ಸೋರಿಕೆ ಕಂಡರೆ ಮುಂದೆ ಹೃದಯ ಸೋಲುವ ಸಂಭವ ಹೆಚ್ಚೆಂದು ಸಂಶೋಧಕರು ತೋರಿಸಿದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಓದಿ ಅರ್ಥ ಹೇಳುವವರು ಡಾಕ್ಟರು. ಏಜಂಟರು ಕಾಗದ ಕೊಟ್ಟು ಹೋಗುವವರು.

52 ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರ ಮುಂದಾಳು ಸಲೀಂ ಯೂಸುಫ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದವರು. ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬು, ಬೊಜ್ಜು, ಮನಸ್ಸಿನ ಒತ್ತಡ ಮುಂತಾದ 9 ಸಂಗತಿಗಳೇ ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು 90 ಪಾಲಿಗೆ ಕಾರಣವೆಂದು ಅದು ಹೇಳುತ್ತದೆ. ಒತ್ತಡ, ಸಕ್ಕರೆ ನೋಡಲು ದೊಡ್ಡ ಪ್ಯಾಕೇಜು ಬೇಡ, ಕಚೇರಿಯಲ್ಲೊಂದು ಯಂತ್ರ ಇಟ್ಟರೆ ಆಯಿತು. ಬೀಡಿಯ ಲೆಕ್ಕ ನಿಮ್ಮಲ್ಲಿಯೇ ಇದೆ.

ಆದುದರಿಂದ ನನ್ನ ಠರಾವು ಹೀಗಿದೆ. ಆ ಹಣದಿಂದ ರಕ್ತದೊತ್ತಡದ ಯಂತ್ರವನ್ನೂ ಸಕ್ಕರೆ ನೋಡುವ ಸಾಮಾನನ್ನೂ ಕೊಳ್ಳಬೇಕು. ಉಳಿದದ್ದನ್ನು ಟ್ಯಾಕ್ಸಿ ನಿಧಿಯೆಂದು ಬೇರೆ ಇಡಬೇಕು. ಪಾಳಿಯಲ್ಲಿರುವಾಗ ಯಾರಿಗಾದರೂ ಎದೆಯಲ್ಲಿ ಭಾರ, ಉರಿ, ಕೈಗೋ ದವಡೆಗೋ ಹರಿಯುವ ನೋವು, ಕಾರಣವಿಲ್ಲದ ಬೆವರು, ಉಸಿರುಕಟ್ಟು ಬಂದರೆ, ಅದು ಗ್ಯಾಸೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಶೇಟರಿಗೂ ಇಲ್ಲ, ನಮಗೂ ಇಲ್ಲ. 108ಕ್ಕೆ ಫೋನು ಮಾಡಬೇಕು. ಅದು ತಡವಾಗುವಂತಿದ್ದರೆ ಟ್ಯಾಕ್ಸಿ. ಒಬ್ಬ ಜೊತೆಗಾರ ಹೋಗಬೇಕು, ನೋವು ಶುರುವಾದ ಗಂಟೆಯನ್ನು ಬಿಲ್ಲಿನ ಹಿಂದೆಯಾದರೂ ಬರೆದು ಒಯ್ಯಬೇಕು. ಸಂಬಳದಿಂದ ಇ.ಎಸ್.ಐ. ಹಣ ಮುರಿಯುವವರು ತಮ್ಮ ನಂಬರನ್ನು ಜೊತೆಯಲ್ಲೇ ಇಟ್ಟುಕೊಂಡಿರಲಿ. ಇಬ್ಬರ ಆ ದಿನದ ಕೂಲಿಯೂ ಕಡಿತವಾಗದಂತೆ ಮಾಲಕರೊಡನೆ ಮಾತಾಡುವ ಹೊಣೆ ಸಮಿತಿಯದು. ಈ ಕೊನೆಯ ಮಾತೇ ಕಷ್ಟದ್ದೆಂದು ನನಗೆ ಗೊತ್ತು. ಕೂಲಿ ಹೋಗುತ್ತದೆಂಬ ಹೆದರಿಕೆಯಿಂದಲೇ ಆ ರಾತ್ರಿ ಅಣ್ಣ ಮತ್ತೆ ಕಾವಲಿಗೆ ನಿಂತದ್ದು.

ಅವರು ಈಗ ಊರಿನಲ್ಲಿದ್ದಾರೆ. ಮಾತ್ರೆಯ ಮೇಲೆ ಜೀವ ಹಿಡಿದಿದೆ, ದುಡಿಮೆ ಇಲ್ಲ. ಠರಾವಿಗೆ ಅನುಮೋದನೆ ಕೊಡುವವರು ಕೈ ಎತ್ತಬೇಕೆಂದು ಕೋರುತ್ತೇನೆ. ವಿರೋಧವಿದ್ದವರು ಇಲ್ಲಿಯೇ ಎದ್ದು ಹೇಳಿ.